ಎದೆಯ ಶಸ್ತ್ರಕ್ರಿಯೆಗೆ ಯಂತ್ರಹಸ್ತ

ಡೊಂಬಿವಲಿಯ ಓದುಗ ಮಹಾಶಯರೊಬ್ಬರು ಇತ್ತೀಚೆಗೆ ನಮ್ಮ ಕಾರ್ಯಾಲಯಕ್ಕೆ ಬಂದು, ಕೈಚೀಲದಿಂದ ದೊಡ್ಡದೊಂದು ಲಕೋಟೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿದ್ದುದು ಅವರ ಅಣ್ಣನವರ ಎದೆಯ ಸ್ಕ್ಯಾನ್ ಚಿತ್ರಗಳು. ಅಣ್ಣನವರು ಕಲ್ಯಾಣದ ಹೊಟೇಲೊಂದರಲ್ಲಿ ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಕೆಮ್ಮು ಹಿಡಿಯಿತು, ಕಫವನ್ನು ಪರೀಕ್ಷಿಸದೆಯೇ ಕ್ಷಯವೆಂದು ನಿರ್ಣಯಿಸಿ ಐದು ತಿಂಗಳು ಗುಳಿಗೆ ನುಂಗಿಸಿದ್ದಾಯಿತು, ಕಡೆಗೆ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬೆಳೆದಿರುವುದು ಕ್ಯಾನ್ಸರ್ ಗಡ್ಡೆಯೆಂದು ತಿಳಿದುಬಂದಿತು. ಖಾಸಗಿ ಆಸ್ಪತ್ರೆಯೊಂದು ಈಗ ಎರಡು ದರಗಳನ್ನು ಹೇಳಿದೆ. ದುರ್ಬೀನಿನ ಮೂಲಕ ಶಸ್ತ್ರಕ್ರಿಯೆ ಮಾಡಿದರೆ ಒಂದು, ರೋಬೋಟಿನ ನೆರವಿನಿಂದ ಮಾಡಿದರೆ ಅದಕ್ಕೂ ಲಕ್ಷಗಟ್ಟಲೆ ಹೆಚ್ಚು. "ಊರಿನ ಗದ್ದೆ ಮಾರಲು ನಾನು ಸಿದ್ಧ. ಆದರೆ ಹೆಚ್ಚು ಹಣ ತೆತ್ತರೆ ಅಣ್ಣ ಹೆಚ್ಚು ಕಾಲ ಬದುಕುತ್ತಾರೆಯೆ? ಇದನ್ನು ನೆಟ್ಟಗೆ ಹೇಳುವವರು ಒಬ್ಬರೂ ಸಿಗಲಿಲ್ಲ" ಎಂದು ಅವರು ನುಡಿದರು.

ನಾವು ವೈದ್ಯರಲ್ಲ. ಆದರೂ ಈ ಪ್ರಶ್ನೆ ಆ ಒಬ್ಬ ಸದ್ಗೃಹಸ್ಥರದು ಮಾತ್ರವಲ್ಲವಾದ್ದರಿಂದ ಅದನ್ನು ಇಲ್ಲಿ ವಿಚಾರಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿಯಿಂದ ಪನವೇಲ್‌ವರೆಗೆ ಹೊಸ ಹೊಸ ಆಸ್ಪತ್ರೆಗಳು ತಲೆಯೆತ್ತಿವೆ. ಅವುಗಳಲ್ಲಿ ಕೆಲವು ರೋಬೋಟ್ ಯಂತ್ರವನ್ನು ತರಿಸಿಕೊಂಡು ಅದರ ಚಿತ್ರವನ್ನು ಆಳೆತ್ತರದ ಫಲಕಗಳಲ್ಲಿ ಪ್ರದರ್ಶಿಸುತ್ತಿವೆ. ಕತ್ತರಿಸುವ ಕೈ ಯಾರದೆಂಬುದಕ್ಕಿಂತ ಕತ್ತರಿ ಯಾವುದೆಂಬುದಕ್ಕೆ ಹೆಚ್ಚು ಪ್ರಚಾರ ದೊರೆಯುತ್ತಿರುವುದು ಈ ಕಾಲದ ಒಂದು ವೈಚಿತ್ರ್ಯ.

ಮೊದಲು ಹೆಸರಿನಿಂದುಂಟಾಗುವ ಭ್ರಮೆಯನ್ನು ನಿವಾರಿಸಿಕೊಳ್ಳಬೇಕು. ರೋಬೋಟ್ ಎಂಬ ಶಬ್ದವನ್ನು ಜಗತ್ತಿಗೆ ಕೊಟ್ಟದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ಒಂದು ನಾಟಕ. ಅದರ ಮೂಲಾರ್ಥ ಬಿಟ್ಟಿ ಚಾಕರಿ. ಶಸ್ತ್ರಕ್ರಿಯಾಗೃಹದಲ್ಲಿರುವ ಯಂತ್ರವು ಈ ಮೂಲಾರ್ಥಕ್ಕೆ ನಿಷ್ಠವಾಗಿದೆಯೆನ್ನಬಹುದು. ಅದು ತಾನಾಗಿ ಏನನ್ನೂ ಯೋಚಿಸುವುದಿಲ್ಲ, ತಾನಾಗಿ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ರೋಗಿಯ ಪಕ್ಕೆಲುಬುಗಳ ನಡುವೆ ಬೆರಳು ತೂರುವಷ್ಟು ಸಣ್ಣ ರಂಧ್ರಗಳನ್ನು ಮಾಡಿ, ಒಂದರಿಂದ ದೃಶ್ಯನಳಿಕೆಯನ್ನೂ ಉಳಿದವುಗಳಿಂದ ಸುಮಾರು 8 ಮಿಲಿಮೀಟರ್ ದಪ್ಪದ ಉಪಕರಣಗಳನ್ನೂ ಒಳಗೆ ಬಿಡುತ್ತಾರೆ. ಇವನ್ನೆಲ್ಲ ಹಿಡಿದುಕೊಂಡಿರುವುದು ಯಂತ್ರದ ನಾಲ್ಕು ತೋಳುಗಳು. ಶಸ್ತ್ರವೈದ್ಯನಾದರೋ ಅದೇ ಕೋಣೆಯಲ್ಲಿ ಕೆಲವು ಹೆಜ್ಜೆ ಆಚೆಗೆ ಚಾಲಕಪೀಠದಲ್ಲಿ ಕುಳಿತು, ಹತ್ತು ಪಟ್ಟು ದೊಡ್ಡದಾಗಿ, ಆಳವೂ ಗೋಚರಿಸುವಂತೆ ಮೂಡುವ ಚಿತ್ರವನ್ನು ನೋಡುತ್ತ ತನ್ನ ಬೆರಳುಗಳನ್ನು ಚಲಿಸುತ್ತಾನೆ. ಆ ಚಲನೆಯನ್ನು ಯಂತ್ರವು ಕೈನಡುಕವನ್ನು ಸೋಸಿ, ಕಿರಿದುಗೊಳಿಸಿ, ಎದೆಯೊಳಗೆ ಪುನರಾವರ್ತಿಸುತ್ತದೆ. ಹಳೆಯ ದುರ್ಬೀನಿನ ಶಸ್ತ್ರಕ್ರಿಯೆಯಲ್ಲಿ ಉಪಕರಣಗಳು ಉದ್ದ ಕಡ್ಡಿಗಳಂತೆ ನೆಟ್ಟಗಿರುತ್ತವೆ. ಇಲ್ಲಿ ಅವುಗಳ ತುದಿಗೆ ಮಣಿಕಟ್ಟಿದೆ. ಎದೆಗೂಡಿನ ಮೂಲೆಯಲ್ಲಿ, ಮಿಡಿಯುವ ಹೃದಯದ ಪಕ್ಕದಲ್ಲಿ, ರಕ್ತನಾಳದ ಹಿಂದಕ್ಕೆ ಬಳಸಿ ಹೋಗಬೇಕಾದಾಗ ಆ ಮಣಿಕಟ್ಟಿನ ಬೆಲೆ ತಿಳಿಯುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಮಂಡಲಿಯು ಡಾ ವಿಂಚಿ ಎಂಬ ಈ ಯಂತ್ರಕ್ಕೆ ಉದರದ ಶಸ್ತ್ರಕ್ರಿಯೆಗಾಗಿ 2000ದಲ್ಲಿಯೂ ಎದೆಯ ಶಸ್ತ್ರಕ್ರಿಯೆಗಾಗಿ 2001ರಲ್ಲಿಯೂ ಅನುಮತಿಯಿತ್ತಿತು. ಆದರೆ ಎದೆಯನ್ನು ಸಣ್ಣ ರಂಧ್ರದಿಂದ ನೋಡುವ ವಿದ್ಯೆ ಅದಕ್ಕಿಂತ ಬಹಳ ಹಳೆಯದು. ಸ್ಟಾಕ್‌ಹೋಮಿನ ವೈದ್ಯ ಯಾಕೋಬೇಯಸ್ 1910ರಲ್ಲಿಯೇ ಎದೆಗೂಡಿನೊಳಕ್ಕೆ ನಳಿಕೆಯಿಟ್ಟು ನೋಡಿದ್ದನು, ನೋಡಿದ್ದು ಕ್ಷಯರೋಗಿಗಳನ್ನು. ಶ್ವಾಸಕೋಶದ ಕ್ಯಾನ್ಸರಿಗಾಗಿ ಒಂದಿಡೀ ಶ್ವಾಸಕೋಶವನ್ನು ಯಶಸ್ವಿಯಾಗಿ ತೆಗೆದವನು ಸೇಂಟ್ ಲೂಯಿಯ ಇವಾರ್ಟ್ಸ್ ಗ್ರಹಾಂ, 1933ರಲ್ಲಿ. ನಮ್ಮ ದೇಶದಲ್ಲಿ ಎದೆಯ ಶಸ್ತ್ರಕ್ರಿಯೆಗೆಂದೇ ಪ್ರತ್ಯೇಕ ವಿಭಾಗವು ರೀವ್ ಬೆಟ್ಸ್ ಅವರಿಂದ ವೆಲ್ಲೂರಿನಲ್ಲಿ 1949ರಲ್ಲಿ ಆರಂಭವಾಯಿತು. ನಮ್ಮ ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಪ್ರಫುಲ್ಲಕುಮಾರ ಸೇನ್ ಅವರು 1968ರ ಫೆಬ್ರವರಿಯಲ್ಲಿ ಹೃದಯವನ್ನೇ ಬದಲಿಸುವ ಸಾಹಸ ಮಾಡಿದರು. ನಗರಸಭೆಯ ಆಸ್ಪತ್ರೆಯೊಂದು ಜಗತ್ತಿನ ಮುಂಚೂಣಿಯಲ್ಲಿ ನಿಂತಿದ್ದ ಆ ದಿನವನ್ನು ಈ ಲೇಖನದ ಸಂದರ್ಭದಲ್ಲಿ ಜ್ಞಾಪಿಸಿಕೊಳ್ಳಲು ಕಾರಣವಿದೆ.

ಎದೆಯ ಬೇನೆಗೂ ಮುಂಬಯಿ ಕನ್ನಡಿಗರಿಗೂ ಹಳೆಯ ಪರಿಚಯ. ಕರಾವಳಿಯಿಂದ ಹಡಗು ಹತ್ತಿ ಬಂದ ಹುಡುಗರು ಹೊಟೇಲುಗಳ ಅಡಿಗೆಕೋಣೆಯ ಹೊಗೆಯಲ್ಲಿ ಹಗಲು ಕಳೆದು, ಅಲ್ಲಿಯೇ ಮೇಜುಗಳ ಮೇಲೆ ರಾತ್ರಿ ಮಲಗುತ್ತಿದ್ದ ಕಾಲದಲ್ಲಿ ಕ್ಷಯವು ಎಷ್ಟೋ ಮನೆಗಳ ದೀಪವನ್ನು ಆರಿಸಿತು. ಶಿವಡಿಯ ಆಸ್ಪತ್ರೆಯ ಹೆಸರೆತ್ತಿದರೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಟೊಳ್ಳುಬಿದ್ದ ಶ್ವಾಸಕೋಶವನ್ನು ಕುಗ್ಗಿಸುವುದಕ್ಕಾಗಿ ಪಕ್ಕೆಲುಬುಗಳನ್ನೇ ಕತ್ತರಿಸಿ ತೆಗೆಯುತ್ತಿದ್ದ ಶಸ್ತ್ರಕ್ರಿಯೆಗೆ ಒಳಗಾಗಿ, ಒಂದು ಭುಜ ಇಳಿದು, ಒಂದು ಪಕ್ಕ ಕುಸಿದು ನಡೆಯುತ್ತಿದ್ದ ಹಿರಿಯರನ್ನು ಕಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆ ಭಯಂಕರ ಶಸ್ತ್ರಕ್ರಿಯೆಯು ಕಣ್ಮರೆಯಾದದ್ದು ಉತ್ತಮ ಕತ್ತರಿಯಿಂದಲ್ಲ, ಔಷಧದಿಂದ. ಮದರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಪ್ರಯೋಗವು, ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿದ ಬಡ ರೋಗಿಗಳು ಆರೋಗ್ಯಧಾಮದಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣ ಹೊಂದಿದರೆಂದು ಸಿದ್ಧಪಡಿಸಿ ಜಗತ್ತಿನ ಪದ್ಧತಿಯನ್ನೇ ತಿರುಗಿಸಿತು. ವೈದ್ಯಕೀಯದಲ್ಲಿ ಭವ್ಯವಾಗಿ ಕಾಣುವುದೇ ಯಾವಾಗಲೂ ಫಲಕಾರಿಯಾಗಿರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಇನ್ನು ಆ ಓದುಗರ ಪ್ರಶ್ನೆಗೆ ಬರೋಣ.

ಪಕ್ಕೆಲುಬುಗಳನ್ನು ಅಗಲಿಸಿ ಎದೆಯನ್ನು ತೆರೆಯುವ ಹಳೆಯ ಕ್ರಮಕ್ಕಿಂತ ಸಣ್ಣ ರಂಧ್ರಗಳ ಕ್ರಮವು ರೋಗಿಗೆ ಹಿತಕರ ಎಂಬುದರಲ್ಲಿ ಈಗ ಸಂದೇಹ ಉಳಿದಿಲ್ಲ. ಬ್ರಿಟನ್ನಿನ ಒಂಬತ್ತು ಆಸ್ಪತ್ರೆಗಳಲ್ಲಿ 503 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪ್ರಯೋಗದ ಫಲವು 2022ರಲ್ಲಿ ಪ್ರಕಟವಾಯಿತು. ದುರ್ಬೀನಿನಿಂದ ಶಸ್ತ್ರಕ್ರಿಯೆಯಾದವರಿಗೆ ನೋವು ಕಡಿಮೆ, ಆಸ್ಪತ್ರೆವಾಸ ಕಡಿಮೆ. ಐದು ವಾರಗಳ ತರುವಾಯ ಅವರ ದೇಹಶಕ್ತಿ ಇತರರಿಗಿಂತ ಉತ್ತಮ. ಗಡ್ಡೆಯನ್ನು ಪೂರ್ಣವಾಗಿ ತೆಗೆಯುವುದರಲ್ಲಿಯೂ ಅದೇನೂ ಹಿಂದೆ ಬೀಳಲಿಲ್ಲ. ಆದರೆ ನಮ್ಮ ಓದುಗರಿಗೆ ಹೇಳಿದ ಎರಡು ದರಗಳು ತೆರೆದ ಎದೆಗೂ ರೋಬೋಟಿಗೂ ನಡುವಣವಲ್ಲ, ದುರ್ಬೀನಿಗೂ ರೋಬೋಟಿಗೂ ನಡುವಣವು. ಫಲಕಗಳ ಮೇಲಿನ ಪ್ರಶಂಸೆಯೆಲ್ಲ ಮೊದಲನೆಯ ಹೋಲಿಕೆಯದು; ಹಣ ಕೇಳುವುದು ಎರಡನೆಯ ಹೋಲಿಕೆಗೆ. ಇದನ್ನು ಓದುಗರು ಗಮನಿಸಬೇಕು. ಈ ಎರಡನೆಯ ಹೋಲಿಕೆಯನ್ನು ಶಾಂಘಾಯಿಯ ರುಯಿಜಿನ್ ಆಸ್ಪತ್ರೆಯವರು 320 ರೋಗಿಗಳಲ್ಲಿ ಮಾಡಿ ನೋಡಿದ್ದಾರೆ. ತೊಡಕುಗಳು, ಆಸ್ಪತ್ರೆವಾಸ ಮುಂತಾದ ವಿಷಯಗಳಲ್ಲಿ ಎರಡಕ್ಕೂ ಹೆಚ್ಚಿನ ಅಂತರ ಕಂಡುಬರಲಿಲ್ಲ. ರೋಗವು ಹರಡಿದೆಯೇ ಎಂದು ಪರೀಕ್ಷಿಸಲು ತೆಗೆಯಬೇಕಾದ ದುಗ್ಧಗ್ರಂಥಿಗಳು ರೋಬೋಟಿನಿಂದ ಹೆಚ್ಚು ದೊರೆತವು; ವೆಚ್ಚವೂ ಹೆಚ್ಚಾಯಿತು. ರೋಬೋಟಿನಿಂದ ಶಸ್ತ್ರಕ್ರಿಯೆಯಾದವನು, ನಿಪುಣನು ದುರ್ಬೀನಿನಿಂದ ಮಾಡಿದವನಿಗಿಂತ ಹೆಚ್ಚು ಕಾಲ ಬದುಕುತ್ತಾನೆಂಬುದಕ್ಕೆ ತಕ್ಕ ಪ್ರಮಾಣ ಇನ್ನೂ ದೊರೆತಿಲ್ಲ. ಗದ್ದೆಯನ್ನು ಮಾರಲು ಹೊರಟಿರುವ ತಮ್ಮನಿಗೆ ನಾವು ಕೊಡಬಹುದಾದ ನೆಟ್ಟಗಿನ ಉತ್ತರ ಇದು.

ಗಾಯವು ಚಿಕ್ಕದಾದಷ್ಟೂ ಗುಣವು ಹೆಚ್ಚು ಎಂಬ ಊಹೆಯೂ ಎಲ್ಲೆಡೆ ನಿಜವಾಗುವುದಿಲ್ಲ. ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ ಸಣ್ಣ ರಂಧ್ರದ ಶಸ್ತ್ರಕ್ರಿಯೆಯಾದ ಸ್ತ್ರೀಯರು ಹೊಟ್ಟೆ ತೆರೆದು ಶಸ್ತ್ರಕ್ರಿಯೆಯಾದವರಿಗಿಂತ ಹೆಚ್ಚಾಗಿ ರೋಗ ಮರುಕಳಿಸಿ ತೀರಿಕೊಂಡರೆಂದು 2018ರಲ್ಲಿ ತಿಳಿದುಬಂದು ವೈದ್ಯಲೋಕವೇ ಬೆಚ್ಚಿತು. ಮರುವರ್ಷ ಅಮೆರಿಕದ ನಿಯಂತ್ರಣ ಮಂಡಲಿಯು ಕ್ಯಾನ್ಸರಿನ ಶಸ್ತ್ರಕ್ರಿಯೆಯಲ್ಲಿ ರೋಬೋಟನ್ನು ಬಳಸುವ ಬಗ್ಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಶ್ವಾಸಕೋಶದ ವಿಷಯದಲ್ಲಿ ಅಂತಹ ಅನಿಷ್ಟ ಕಂಡುಬಂದಿಲ್ಲವೆಂಬುದು ಸಮಾಧಾನದ ಸಂಗತಿ.

ಹಾಗಾದರೆ ಯಂತ್ರವು ನಿರರ್ಥಕವೆ? ಖಂಡಿತವಾಗಿ ಅಲ್ಲ. ಎದೆಯ ಮುಂಬದಿಯ ಮೂಳೆಯ ಹಿಂದೆ, ಹೃದಯದ ಮೇಲೆ ಅಡಗಿರುವ ಥೈಮಸ್ ಗ್ರಂಥಿಯನ್ನು ತೆಗೆಯಲು ಹಿಂದೆ ಆ ಮೂಳೆಯನ್ನೇ ಗರಗಸದಿಂದ ಉದ್ದಕ್ಕೂ ಸೀಳಬೇಕಾಗುತ್ತಿತ್ತು. ಕಣ್ಣೆವೆ ಜೋಲುವ, ಮಾತು ಮುದ್ದೆಯಾಗುವ, ನುಂಗಲು ಕಷ್ಟವಾಗುವ ಮಯಸ್ತೀನಿಯಾ ಎಂಬ ಸ್ನಾಯುದೌರ್ಬಲ್ಯದ ರೋಗಿಗಳಲ್ಲಿ ಈ ಗ್ರಂಥಿಯನ್ನು ತೆಗೆಯುವುದರಿಂದ ಪ್ರಯೋಜನವುಂಟೆಂದು 2016ರ ಪ್ರಯೋಗವೊಂದು ಸ್ಥಿರಪಡಿಸಿದೆ. ಇವರಲ್ಲಿ ಅನೇಕರು ಎಳೆವಯಸ್ಸಿನ ಸ್ತ್ರೀಯರು. ಅಂತಹ ಇಕ್ಕಟ್ಟಿನ ಜಾಗದಲ್ಲಿ ಮಣಿಕಟ್ಟುಳ್ಳ ಉಪಕರಣವು ವರವೇ ಸರಿ.

ನಮ್ಮ ನಾಡಿಗೇ ವಿಶಿಷ್ಟವಾದ ಇನ್ನೊಂದು ಸಂಗತಿಯಿದೆ. ಕ್ಷಯವು ಒಮ್ಮೆ ಹಾದುಹೋದ ಎದೆಯಲ್ಲಿ ಶ್ವಾಸಕೋಶವು ಎದೆಗೂಡಿನ ಗೋಡೆಗೆ ಅಂಟಿಕೊಂಡಿರುತ್ತದೆ. ದುಗ್ಧಗ್ರಂಥಿಗಳು ಸುಣ್ಣಗಟ್ಟಿ ದೊಡ್ಡ ರಕ್ತನಾಳಗಳನ್ನು ಕಚ್ಚಿ ಹಿಡಿದಿರುತ್ತವೆ. ಬ್ರಿಟನ್ನಿನ ರೋಗಿಯಲ್ಲಿ ಇದು ಅಪರೂಪ, ಕಲ್ಯಾಣದ ರೋಗಿಯಲ್ಲಿ ಸಾಮಾನ್ಯ. ಆ ಅಂಟನ್ನು ಎಳೆಯೆಳೆಯಾಗಿ ಬಿಡಿಸಲು ರೋಬೋಟಿನ ಸೂಕ್ಷ್ಮದೃಷ್ಟಿ ನೆರವಾಗುವುದೆಂದು ಅನುಭವಿಗಳು ಹೇಳುತ್ತಾರೆ. ಆದರೆ ರಕ್ತನಾಳ ಹರಿಯುವ ಅಪಾಯ ಅತ್ಯಧಿಕವಾಗಿರುವುದೂ ಅಲ್ಲಿಯೇ. ಶ್ವಾಸಕೋಶದ ಅಪಧಮನಿ ಒಡೆದರೆ ಕೈಯಲ್ಲಿರುವುದು ಕ್ಷಣಗಳು ಮಾತ್ರ. ಚಾಲಕಪೀಠದಲ್ಲಿ ಕುಳಿತವನು ಎದ್ದು, ಕೈಗವಸು ತೊಟ್ಟು, ಯಂತ್ರದ ತೋಳುಗಳನ್ನು ಕಳಚಿ ಎದೆ ತೆರೆಯುವಷ್ಟರಲ್ಲಿ ಒತ್ತಿ ಹಿಡಿಯಬೇಕಾದವರು ರೋಗಿಯ ಮಗ್ಗುಲಲ್ಲಿ ನಿಂತ ಸಹಾಯಕರು. ಒಂದು ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿ ಇನ್ನೊಂದರಿಂದಲೇ ಉಸಿರಾಡಿಸುವ ಅರಿವಳಿಕೆ ತಜ್ಞರು, ರಕ್ತನಿಧಿಯವರು, ರಾತ್ರಿ ಎರಡು ಗಂಟೆಗೆ ನಳಿಕೆಯ ಬುಡ್ಡಿಯಲ್ಲಿ ಗಾಳಿಯ ಗುಳ್ಳೆಗಳನ್ನು ಗಮನಿಸುವ ದಾದಿಯರು, ಇವರಾರ ಭಾವಚಿತ್ರವೂ ಫಲಕದ ಮೇಲಿಲ್ಲ. ಎದೆಯನ್ನು ತೆರೆದು ಶಸ್ತ್ರಕ್ರಿಯೆ ಮಾಡಿ ಅನುಭವವಿಲ್ಲದವನು ರೋಬೋಟಿನ ಮುಂದೆ ಕೂರತಕ್ಕದ್ದಲ್ಲವೆಂದು ನಮ್ಮ ದೃಢವಾದ ಅಭಿಪ್ರಾಯ.

ಇದೆಲ್ಲವೂ ಶಸ್ತ್ರಕ್ರಿಯೆಗೆ ಯೋಗ್ಯವಾದ ಸ್ಥಿತಿಯಲ್ಲಿ ಬಂದ ರೋಗಿಯ ಮಾತಾಯಿತು. ದುರ್ದೈವವೆಂದರೆ ಬರುವವರೇ ತಡವಾಗಿ ಬರುತ್ತಾರೆ. ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಬಹುಪಾಲು ಜನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕತ್ತರಿ ನಿರುಪಯುಕ್ತವಾಗಿರುತ್ತದೆ. ಕ್ಷಯದ ನೆರಳೂ ಕ್ಯಾನ್ಸರಿನ ನೆರಳೂ ಕ್ಷಕಿರಣದ ಚಿತ್ರದಲ್ಲಿ ಒಂದನ್ನೊಂದು ಹೋಲುತ್ತವೆ. ಕ್ಷಯವು ಹೆಚ್ಚಾಗಿರುವ ದೇಶದಲ್ಲಿ ವೈದ್ಯರು ಮೊದಲು ಕ್ಷಯವನ್ನೇ ಶಂಕಿಸುವುದು ಸಹಜ. ಆದರೆ ಶಂಕೆಯನ್ನೇ ಸಿದ್ಧಾಂತವೆಂದು ಹಿಡಿದು ತಿಂಗಳುಗಟ್ಟಲೆ ಗುಳಿಗೆ ಕೊಡುವುದು ಸರಿಯಲ್ಲ. ಕಫದಲ್ಲಿ ಕ್ಷಯದ ಕ್ರಿಮಿಯನ್ನು ಗಂಟೆಗಳಲ್ಲಿ ಗುರುತಿಸುವ ಯಂತ್ರಪರೀಕ್ಷೆಯು ಸರಕಾರದ ಕ್ಷಯ ನಿವಾರಣ ಯೋಜನೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಕ್ರಿಮಿ ಸಿಗದೆ, ಔಷಧದಿಂದ ಕೆಮ್ಮು ಇಳಿಯದೆ, ತೂಕ ಇಳಿಯುತ್ತಿದ್ದರೆ, ಅದರಲ್ಲಿಯೂ ಬೀಡಿ ಸಿಗರೇಟಿನ ಚಟವಿದ್ದವರಾದರೆ, ಸ್ಕ್ಯಾನ್ ಮತ್ತು ಗಡ್ಡೆಯ ತುಣುಕಿನ ಪರೀಕ್ಷೆಗೆ ಒಂದು ವಾರವನ್ನೂ ಕಳೆಯಬಾರದು. ಲಕೋಟೆ ಹಿಡಿದು ಬಂದ ಮಹಾಶಯರ ಅಣ್ಣನವರು ಕಳೆದುಕೊಂಡ ಐದು ತಿಂಗಳುಗಳನ್ನು ಯಾವ ಯಂತ್ರಹಸ್ತವೂ ಮರಳಿ ತರಲಾರದು.

ನಮ್ಮ ಈ ಪ್ರದೇಶದಲ್ಲಿ ಎದೆಯ ಶಸ್ತ್ರವೈದ್ಯರನ್ನು ಅನುದಿನವೂ ಬೇಡುವ ಮತ್ತೊಂದು ವಿಪತ್ತುಂಟು. ಬೆಳಗಿನ ಲೋಕಲ್ ಗಾಡಿಯ ಬಾಗಿಲಲ್ಲಿ ಜೋತಾಡಿಕೊಂಡು ಹೊರಡುವ ಡೊಂಬಿವಲಿ, ದಿವಾ, ಮುಂಬ್ರಾಗಳ ಜನರಿಗೆ ಅದನ್ನು ವಿವರಿಸಬೇಕಾಗಿಲ್ಲ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಹಾಯುವಾಗ ಬಾಗಿಲಲ್ಲಿದ್ದವರು ಹಳಿಯ ಮೇಲೆ ಬಿದ್ದರು. ನಾಲ್ವರು ಅಂದೇ ಪ್ರಾಣಬಿಟ್ಟರು. ಪಕ್ಕೆಲುಬು ಮುರಿದು ಎದೆಯೊಳಗೆ ರಕ್ತವೋ ಗಾಳಿಯೋ ತುಂಬಿಕೊಂಡವನಿಗೆ ಆ ಕ್ಷಣದಲ್ಲಿ ಬೇಕಾದುದು ರೋಬೋಟಲ್ಲ. ಒಂದು ಸಾಮಾನ್ಯ ರಬ್ಬರು ನಳಿಕೆ ಮತ್ತು ಅದನ್ನು ಸರಿಯಾದ ಎಡೆಯಲ್ಲಿ ತೂರಿಸಬಲ್ಲ ಒಂದು ಕೈ. ಎದೆಗೆ ಪೆಟ್ಟಾದವರಲ್ಲಿ ಬಹುಮಂದಿಗೆ ಅಷ್ಟೇ ಸಾಕು. ಉಳಿದವರನ್ನು ತಡಮಾಡದೆ ಶಸ್ತ್ರಕ್ರಿಯಾಗೃಹಕ್ಕೆ ಒಯ್ಯಬೇಕು. ಇಂತಹವರನ್ನು ಸಾಮಾನ್ಯವಾಗಿ ತರುವುದು ಕಳ್ವಾದಲ್ಲಿ ಥಾಣೆ ಮಹಾನಗರಪಾಲಿಕೆಯು ನಡೆಸುವ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಗೆ. 2023ರ ಆಗಸ್ಟಿನಲ್ಲಿ ಅಲ್ಲಿ ಒಂದು ಹಗಲುರಾತ್ರಿಯೊಳಗೆ 18 ರೋಗಿಗಳು ಮೃತರಾಗಿ ರಾಜ್ಯವೆಲ್ಲ ತಲ್ಲಣಿಸಿತ್ತು. ಒಂದೇ ಆಸ್ಪತ್ರೆಯ ಮೇಲೆ ಸುತ್ತಣ ಊರುಗಳ ಭಾರವೆಲ್ಲ ಬಿದ್ದಿದೆಯೆಂಬ ಮಾತು ಆಗ ಬಹಿರಂಗವಾಗಿ ಕೇಳಿಬಂದಿತು. ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆಗಳು ಎದೆಯ ಗಾಯಾಳುಗಳನ್ನು ತಾವೇ ನಿಭಾಯಿಸುವಷ್ಟು ಸಜ್ಜಾದರೆ ಆ ಭಾರ ಇಳಿದೀತು.

ಹಣದ ವಿಷಯವನ್ನು ಮರೆಮಾಚಿ ಪ್ರಯೋಜನವಿಲ್ಲ. ಆಮದು ಯಂತ್ರದ ಬೆಲೆ ಹತ್ತು ಕೋಟಿ ರೂಪಾಯಿಗಳನ್ನು ಮೀರುತ್ತದೆ. ಅದರ ಉಪಕರಣಗಳನ್ನು ನಿಯಮಿತ ಸಂಖ್ಯೆಯ ಶಸ್ತ್ರಕ್ರಿಯೆಗಳಾದ ಮೇಲೆ ಎಸೆಯಬೇಕು. ಅವು ಚೆನ್ನಾಗಿಯೇ ಇದ್ದರೂ ಯಂತ್ರವು ಅವನ್ನು ಒಪ್ಪಿಕೊಳ್ಳುವುದಿಲ್ಲ. ಈ ಏಕಸ್ವಾಮ್ಯವನ್ನು ಮುರಿಯಲು ಗುರುಗ್ರಾಮದಲ್ಲಿ ಹೃದಯ ಶಸ್ತ್ರವೈದ್ಯ ಸುಧೀರ್ ಶ್ರೀವಾಸ್ತವ ಅವರ ಸಂಸ್ಥೆಯು 'ಮಂತ್ರ' ಎಂಬ ಸ್ವದೇಶೀ ಯಂತ್ರವನ್ನು ತಯಾರಿಸಿ 2022ರಲ್ಲಿ ಬಳಕೆಗೆ ತಂದಿರುವುದು ಹರ್ಷದ ಸುದ್ದಿ. ಪೈಪೋಟಿಯಿಂದ ಬೆಲೆ ಇಳಿಯುವುದನ್ನು ನಿರೀಕ್ಷಿಸೋಣ. ರೋಬೋಟ್ ಶಸ್ತ್ರಕ್ರಿಯೆಯನ್ನು ವಿಮೆಯಿಂದ ಹೊರಗಿಡಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ನಿಯಮ ಮಾಡಿದೆ. ಆದರೆ ಅನೇಕ ಪಾಲಿಸಿಗಳಲ್ಲಿ ಅದಕ್ಕೆ ಪ್ರತ್ಯೇಕ ಮಿತಿಯನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಐದು ಲಕ್ಷದ ಪಾಲಿಸಿಯಿದೆಯೆಂದು ನಂಬಿ ಮೇಜಿನ ಮೇಲೆ ಮಲಗಿದವನ ಮನೆಯವರಿಗೆ ಮಿತಿಯ ವಿಚಾರ ತಿಳಿಯುವುದು ಬಿಡುಗಡೆಯ ದಿನ. ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆಯ ಆಶ್ರಯ ಪಡೆಯುವವರು, ಯಂತ್ರದ ಅಧಿಕ ವೆಚ್ಚವು ನಿಗದಿತ ದರದಲ್ಲಿ ಅಡಕವೋ ಅಲ್ಲವೋ ಎಂಬುದನ್ನು ಆಸ್ಪತ್ರೆಯಲ್ಲಿ ಕುಳಿತಿರುವ ಆರೋಗ್ಯಮಿತ್ರರಿಂದ ಮುಂಚೆಯೇ ತಿಳಿದುಕೊಳ್ಳುವುದು ಲೇಸು.

ಹಾಗೆಂದು ಈ ವಿದ್ಯೆ ಹಣವಂತರ ಪಾಲಿಗೇ ಮೀಸಲಾಗಿರಲೆಂದು ನಾವು ಹೇಳುವುದಿಲ್ಲ. ಹೇಳಬೇಕೆಂದಿರುವುದು ಅದರ ವಿರುದ್ಧವನ್ನೇ. 1941ರಲ್ಲಿ ಪರೇಲಿನಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಎದೆಯ ರೋಬೋಟ್ ಶಸ್ತ್ರಕ್ರಿಯೆ ನಡೆಯುತ್ತಿದೆ. ಅದರ ಇನ್ನೊಂದು ಅಂಗವು ನವಿ ಮುಂಬಯಿಯ ಖಾರ್ಘರ್‌ನಲ್ಲಿಯೇ ಇದೆ. ಒಂದೇ ಬಗೆಯ ರೋಗಿಗಳು ನೂರುಗಟ್ಟಲೆ ಬರುವ ಇಂತಹ ಸಾರ್ವಜನಿಕ ಸಂಸ್ಥೆಯಲ್ಲಿ ಶಸ್ತ್ರವೈದ್ಯನ ಕೈ ಬೇಗನೆ ಪಳಗುತ್ತದೆ, ಫಲಾಫಲಗಳ ಲೆಕ್ಕವೂ ಸಿಗುತ್ತದೆ. ಐದಾರು ಖಾಸಗಿ ಆಸ್ಪತ್ರೆಗಳು ಐದಾರು ಯಂತ್ರಗಳನ್ನು ತಂದು, ಒಂದೊಂದರಲ್ಲಿ ತಿಂಗಳಿಗೊಂದೆರಡು ಎದೆಯ ಶಸ್ತ್ರಕ್ರಿಯೆ ನಡೆದರೆ ಯಾರ ಕೈಯೂ ಪಳಗದು. ಥಾಣೆ ಜಿಲ್ಲೆಯ ಮಹಾನಗರಪಾಲಿಕೆಗಳು ರೋಬೋಟಿನ ಕನಸು ಕಾಣುವುದಾದರೆ ಮೂರೂ ನಾಲ್ಕೂ ಕೂಡಿ ಒಂದು ಆಸ್ಪತ್ರೆಯಲ್ಲಿ ಎದೆಯ ಶಸ್ತ್ರಕ್ರಿಯೆಯ ಪೂರ್ಣ ವಿಭಾಗವನ್ನು ಮೊದಲು ಕಟ್ಟಲಿ. ಶಸ್ತ್ರವೈದ್ಯರ ಖಾಯಂ ಹುದ್ದೆಗಳು, ಶ್ವಾಸನಾಳವನ್ನು ನೋಡುವ ದುರ್ಬೀನು, ತುಣುಕು ಪರೀಕ್ಷೆಯ ಪ್ರಯೋಗಾಲಯ, ಉಸಿರಾಟದ ವ್ಯಾಯಾಮ ಕಲಿಸುವವರು ಇವಿಷ್ಟು ಇದ್ದಲ್ಲಿಗೆ ಯಂತ್ರ ಬಂದರೆ ಅದು ಕೆಲಸ ಮಾಡುತ್ತದೆ. ಇಲ್ಲದಲ್ಲಿಗೆ ಬಂದರೆ ಉದ್ಘಾಟನೆಯ ಹೂಮಾಲೆ ಬಾಡಿದ ಮೇಲೆ ಬಿಳಿಯ ಬಟ್ಟೆ ಹೊದ್ದು ನಿಲ್ಲುತ್ತದೆ.

ನಮ್ಮ ಸಂಘ ಸಂಸ್ಥೆಗಳೂ ಇಲ್ಲಿ ಮಾಡಬಹುದಾದುದಿದೆ. ವಾರ್ಷಿಕೋತ್ಸವದ ಜತೆಗೆ ಭಾನುವಾರಗಳಂದು ಆರೋಗ್ಯ ಶಿಬಿರ ನಡೆಸುವ ಪರಿಪಾಠ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಅಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ನೋಡುವ ಸಾಲಿನ ಪಕ್ಕದಲ್ಲಿ, ಎರಡು ವಾರ ಮೀರಿ ಕೆಮ್ಮುತ್ತಿರುವವರನ್ನು ಗುರುತಿಸಿ ಕಫಪರೀಕ್ಷೆಗೆ ಕಳುಹಿಸುವ ಒಂದು ಮೇಜನ್ನು ಹಾಕುವುದು ದುಬಾರಿಯ ಕೆಲಸವಲ್ಲ. ಶಸ್ತ್ರಕ್ರಿಯೆಗೆ ಧನಸಹಾಯ ನೀಡುವ ಮುನ್ನ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆದಿದ್ದಾರೆಯೇ ಎಂದು ವಿಚಾರಿಸುವುದೂ ಉಚಿತ. ಶುಶ್ರೂಷೆಗೆ ಜನ ಇದ್ದಾರೆಂದು ಮಂಗಳೂರು, ಮಣಿಪಾಲಗಳಿಗೆ ಹೋಗಿ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವವರನ್ನು ಇಲ್ಲಿ ಕೆಲವರು ಹಾಸ್ಯ ಮಾಡುವುದುಂಟು. ಅದು ಸಲ್ಲದು. ಎದೆಯ ಶಸ್ತ್ರಕ್ರಿಯೆಯಾದವನಿಗೆ ಮೂರನೆಯ ಮಾಳಿಗೆಯ ಒಂಟಿ ಕೋಣೆಗಿಂತ ಅಂಗಳವಿರುವ ಮನೆ ಹಿತ.

ಆ ಓದುಗ ಮಹಾಶಯರಿಗೆ ನಾವು ಹೇಳಿ ಕಳುಹಿಸಿದ್ದು ಇಷ್ಟು: ಗದ್ದೆಯ ವ್ಯವಹಾರವನ್ನು ಸದ್ಯಕ್ಕೆ ನಿಲ್ಲಿಸಿ, ಚಿತ್ರಗಳನ್ನು ಪರೇಲಿಗೋ ಖಾರ್ಘರ್‌ಗೋ ಒಯ್ದು ತೋರಿಸಿ, ಶಸ್ತ್ರಕ್ರಿಯೆ ಮಾಡುವವರನ್ನು ನೇರವಾಗಿ ಕೇಳಿ, ಇಂತಹ ಶಸ್ತ್ರಕ್ರಿಯೆಗಳನ್ನು ತಾವು ಸ್ವತಃ ಎಷ್ಟು ಮಾಡಿದ್ದೀರಿ, ಎಷ್ಟರಲ್ಲಿ ಕಡೆಗೆ ಎದೆ ತೆರೆಯಬೇಕಾಯಿತು, ದುರ್ಬೀನು ನಮ್ಮ ಅಣ್ಣನಿಗೆ ಏಕೆ ಸಾಲದು ಎಂದು. ಈ ಮೂರನೆಯ ಪ್ರಶ್ನೆಗೆ ಅಣ್ಣನ ಎದೆಯೊಳಗಿನ ಕಾರಣವನ್ನೇ ತೋರಿಸಿ ವೈದ್ಯರು ಉತ್ತರ ಕೊಟ್ಟರೆ ಆ ಮಾತನ್ನು ನಂಬಬಹುದು. ಅವರು ಲಕೋಟೆಯನ್ನು ಕೈಚೀಲಕ್ಕೆ ಸೇರಿಸಿಕೊಂಡು, ಮರುದಿನವೇ ಪರೇಲಿಗೆ ಹೋಗುವುದಾಗಿ ಹೇಳಿ ಎದ್ದರು.